ಗೆದ್ದಲು ಹಿಡಿದಿದ್ದ ಕಾಲು ಹಾರ್ಮೋನಿಯಂ ರಿಪೇರಿ: ಅಳತೆ, ಖರ್ಚು, ಎಡವಟ್ಟು

ಮೊದ್ಲೇ ಹೇಳ್ಬಿಡ್ತೀನಿ, ಹಳೇ ಹಾರ್ಮೋನಿಯಂ ಕೈಗೆ ಸಿಕ್ಕಿದ್ರೆ ರೀಡ್ (ಗಾಳಿಗೆ ನಡುಗಿ ಸ್ವರ ಕೊಡೋ ಹಿತ್ತಾಳೆ ನಾಲಿಗೆ) ಮುಟ್ಬೇಡಿ. ಗಾಳಿ ಸೋರೋದು ಪೂರ್ತಿ ನಿಲ್ಲೋ ತನಕ ಶ್ರುತಿ ಮಾಡೋ ಯೋಚ್ನೆನೇ ಬೇಡ. ನಾನು ಉಲ್ಟಾ ಮಾಡಿ, ಮಾಡಿದ್ದನ್ನೇ ಮತ್ತೆ ಮಾಡೋ ಹಾಗಾಯ್ತು. ಇದೇ ಥರದ್ದು ಯಾರ್ದಾದ್ರೂ ಅಟ್ಟದ ಮೇಲೆ ಬಿದ್ದಿದ್ರೆ ಉಪಯೋಗಕ್ಕೆ ಬರ್ಲಿ ಅಂತ ಎಲ್ಲಾ ವಿವರವಾಗಿ ಬರ್ದಿಟ್ಟಿದೀನಿ.

ಹಂತ 1: ಉಗ್ರಾಣದಿಂದ ಈಚೆಗೆ

ನಮ್ಮೂರು ಗುಬ್ಬಿ ತಾಲೂಕು. 1884ರಲ್ಲಿ ಗುಬ್ಬಿ ಕಂಪನಿ ಶುರುವಾದ ಜಾಗ, ನಾಟಕದ ಹುಚ್ಚು ಇನ್ನೂ ಬಿಟ್ಟಿಲ್ಲ. ಊರೂರಲ್ಲೂ ಕುರುಕ್ಷೇತ್ರ ಆಡ್ತಾರೆ, ದುಡ್ಡು ಕೊಟ್ಟು ಪಾರ್ಟು ತಗೋತಾರೆ, ತಿಂಗಳುಗಟ್ಲೆ ತಾಲೀಮು ನಡೆಯುತ್ತೆ, ತಾಲೀಮಿನ ಮನೇಲಿ ಹಾರ್ಮೋನಿಯಂ ಮೇಷ್ಟ್ರು ಹೇಳಿದ್ದೇ ವೇದವಾಕ್ಯ. ಆದ್ರೆ ಈಗ ಮೇಷ್ಟ್ರುಗಳ ಹತ್ರ ಇರೋದು ಕೀಬೋರ್ಡು. ಕಾಲಲ್ಲಿ ತುಳಿದು ಎರಡೂ ಕೈಯಲ್ಲಿ ಬಾರಿಸ್ತಿದ್ದ ಕಾಲು ಹಾರ್ಮೋನಿಯಂ ನಮ್ಮೂರ ದೇವಸ್ಥಾನದ ಉಗ್ರಾಣದಲ್ಲಿ ಹರಿದ ಜಮಖಾನ, ತುಕ್ಕು ಹಿಡಿದ ಪೆಟ್ರೋಮ್ಯಾಕ್ಸ್ ಜೊತೆ ಬಿದ್ದಿತ್ತು. ಗುಜರಿಗೆ ಹಾಕ್ತೀವಿ ಅಂದ್ರು. ದೇವಸ್ಥಾನಕ್ಕೆ 2,000 ಕಾಣಿಕೆ ಕೊಟ್ಟು, ಟಾಟಾ ಏಸ್ ಬಾಡಿಗೆ 800 ಕೊಟ್ಟು ಮನೆಗೆ ತಂದೆ.

ತೇಗದ ಪೆಟ್ಟಿಗೆ, ಮಡಚೋ ಕಾಲು, 42 ಮನೆ (ಬೆರಳಲ್ಲಿ ಒತ್ತೋ ಪಟ್ಟಿ), ಎರಡು ಸಾಲು ರೀಡು, ಅಂದ್ರೆ ಒಟ್ಟು 84. ಮಾಡಿದೋರ ಹೆಸರಿನ ತಗಡು ಕಿತ್ತೋಗಿ ಎರಡು ಮೊಳೆ ತೂತು ಮಾತ್ರ ಉಳ್ದಿದೆ, ಹಾಗಾಗಿ ಎಲ್ಲಿಂದ ಬಂತು ಅಂತ ಕೇಳ್ಬೇಡಿ. ತಳದ ಹಲಗೆ ಒಂದು ಮೂಲೆ ಗೆದ್ದಲು ತಿಂದು ಬೆರಳಲ್ಲಿ ಒತ್ತಿದ್ರೆ ಪುಡಿ. ಎಡಗಡೆ ಪೆಡಲ್ ಪಟ್ಟಿ ಕಿತ್ತಿತ್ತು. ಬಲಗಡೆದು ತುಳಿದ್ರೆ ಬುಸ್ ಅಂತ ಗಾಳಿ ಎಲ್ಲೆಲ್ಲಿಂದಲೋ ಬರ್ತಿತ್ತು, ಮಧ್ಯದಲ್ಲಿ ಒಂದು ಸ್ವರ ತಾನೇ ಕೂಗ್ಕೋತಿತ್ತು, ಬೇರೆ ಹತ್ತು ಹನ್ನೆರಡು ಮನೆ ಒತ್ತಿದ್ರೆ ಉಸಿರೇ ಇಲ್ಲ.

ಗೊತ್ತಿಲ್ದೋರಿಗೆ ಗಾಳಿ ದಾರಿ ಹೇಳ್ಬಿಡ್ತೀನಿ, ಮುಂದೆ ಇದೇ ಮಾತು ಬರುತ್ತೆ. ಪೆಡಲಿಂದ ಒಂದು ಪಟ್ಟಿ, ಪಟ್ಟಿಯಿಂದ ಮರದ ಸನ್ನೆ, ಸನ್ನೆಯ ಇನ್ನೊಂದು ತುದಿ ಕೆಳಗಿರೋ ಸಣ್ಣ ತಿದಿನ (ಗಾಳಿ ಊದೋ ಮಡಿಕೆ ಚೀಲ) ಒತ್ತುತ್ತೆ. ಸಣ್ಣ ತಿದಿ ಎರಡು, ಎಡಗಾಲಿಗೊಂದು ಬಲಗಾಲಿಗೊಂದು. ಅವು ಗಾಳಿನ ದೊಡ್ಡ ತಿದಿಗೆ ತುಂಬುತ್ವೆ, ದೊಡ್ಡದನ್ನ ಸ್ಪ್ರಿಂಗು ಒತ್ತಿಟ್ಟಿರುತ್ತೆ. ಅಲ್ಲಿಂದ ಗಾಳಿ ರೀಡ್ ಪಟ್ಟಿ ಕೆಳಗೆ ಕಾಯ್ತಾ ಇರುತ್ತೆ. ಮನೆ ಒತ್ತಿದ್ರೆ ಅದರ ಹಿಂದಿನ ತುದಿ ಎದ್ದು, ಅಡೀಲಿರೋ ತೊಗಲಿನ ಮುಚ್ಚಳ ತೂತಿಂದ ಮೇಲೇಳುತ್ತೆ, ಗಾಳಿ ರೀಡಿನ ನಾಲಿಗೆ ದಾಟಿ ಹೊರಗೆ ಬರುತ್ತೆ, ಸ್ವರ ಬರುತ್ತೆ. ಇಷ್ಟೇ. ಪ್ಯಾರಿಸ್ಸಿನ ದೆಬಾಂ 1840ರಲ್ಲಿ ಪೇಟೆಂಟ್ ಮಾಡ್ಸಿದ್ದೂ ಹೆಚ್ಚುಕಮ್ಮಿ ಇದೇ ಥರದ ಕಾಲಲ್ಲಿ ತುಳಿಯೋ ಹಾರ್ಮೋನಿಯಂನೇ. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತೋ ಪೆಟ್ಟಿಗೆ ಆಮೇಲೆ 1875ರ ಸುಮಾರಿಗೆ ಕಲ್ಕತ್ತದ ದ್ವಾರಕಾನಾಥ ಘೋಷ್ ಮಾಡಿದ್ದು.

ಯೂಟ್ಯೂಬಲ್ಲಿ ಹುಡುಕಿದ್ರೆ ಕೈ ಹಾರ್ಮೋನಿಯಂ ರಿಪೇರಿ ಸಿಗುತ್ತೆ, ಕಾಲಿಂದು ನಂಗೆ ಸಿಗ್ಲಿಲ್ಲ. ಸಿಕ್ಕಿದ್ದು ಅಮೆರಿಕದೋರು ಗ್ಯಾರೇಜಲ್ಲಿ ಪ್ಲೇಯರ್ ಪಿಯಾನೋ ರಿಪೇರಿ ಮಾಡೋ ವಿಡಿಯೋ. ತೂತು ಹೊಡ್ದಿರೋ ಪೇಪರ್ ಸುರುಳಿ ಹಾಕಿ ಕಾಲಲ್ಲಿ ತುಳಿದ್ರೆ ತಾನೇ ಬಾರಿಸ್ಕೊಳ್ಳೋ ಪಿಯಾನೋ ಅದು, ನೂರು ವರ್ಷದ ಹಿಂದೆ ಅಲ್ಲಿ ಭಾರಿ ಓಡ್ತಿತ್ತು, ರೇಡಿಯೋ ಬಂದ್ಮೇಲೆ ಮೂಲೆ ಸೇರ್ತು. ಅದರೊಳಗೆ 88 ಮನೆಗೆ 88 ಪುಟಾಣಿ ತಿದಿ, ಒಂದೊಂದನ್ನೂ ಬಿಚ್ಚಿ ಹೊಸ ಬಟ್ಟೆ ಹಾಕ್ತಾರೆ ಪುಣ್ಯಾತ್ಮರು. ಅದು ಗಾಳಿ ಹೀರ್ಕೊಂಡು ಕೆಲಸ ಮಾಡುತ್ತೆ, ನಮ್ದು ಊದಿ ಕೆಲಸ ಮಾಡುತ್ತೆ, ಅಷ್ಟು ಬಿಟ್ರೆ ಸೋರೋ ಜಾಗಗಳು, ತೊಗಲು, ಬಿಸಿ ಅಂಟು ಎಲ್ಲಾ ಒಂದೇ. ತಿದಿ ಕೆಲಸ ನಾನು ಕಲ್ತಿದ್ದು ಅಲ್ಲಿಂದ್ಲೇ.

ಹಂತ 2: ಬಿಚ್ಚಿದ್ದು

ಸ್ಕ್ರೂ ಎಲ್ಲಾ ಹಿತ್ತಾಳೆ, ತಲೆ ಸವ್ದಿತ್ತು. ಜೋರು ಮಾಡಿದ್ರೆ ತಲೆ ಮುರಿಯುತ್ತೆ ಅಂತ ಸಾಲ್ಡರಿಂಗ್ ಐರನ್ ತುದಿ ಒಂದು ನಿಮಿಷ ಇಟ್ಟು ಬಿಸಿ ಮಾಡಿ ಆಮೇಲೆ ತಿರುಗಿಸ್ದೆ, ಬಹಳಷ್ಟು ಸಲೀಸಾಗಿ ಬಂದ್ವು. ಎರಡು ಮುರಿದ್ವು. ಬಿಚ್ಚಿದ್ದನ್ನ ಇಡ್ಲಿ ತಟ್ಟೆ ಗುಳೀಲಿ ಹಾಕ್ತಾ ಹೋದೆ, ಮೇಲಿನ ತಟ್ಟೆ ಮನೆಗಳದ್ದು, ಮಧ್ಯದ್ದು ರೀಡ್ ಪಟ್ಟಿದು, ಕೆಳಗಿಂದು ತಿದಿದು. ಮನೇಲಿ ಬೈಸ್ಕೊಂಡೆ, ಆದ್ರೆ ಇದಕ್ಕಿಂತ ಒಳ್ಳೇ ಪೆಟ್ಟಿಗೆ ಅಂಗಡೀಲಿ ಸಿಗಲ್ಲ.

42 ಮನೆಗೂ ಹಿಂದ್ಗಡೆ ಪೆನ್ಸಿಲ್ಲಲ್ಲಿ ನಂಬರ್ ಹಾಕಿ ತೆಗೀರಿ. ನೋಡೋಕೆ ಒಂದೇ ಥರ ಇದ್ರೂ ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ, ಕೈಯಲ್ಲಿ ಕುಯ್ದಿರೋದು.

ಒಳಗೆ ಸಿಕ್ಕಿದ್ದು: ಜಿರಲೆ ಮೊಟ್ಟೆ, ಇಲಿ ಕಚ್ಚಿದ ಫೆಲ್ಟು, ಬೀಡಿ ತುಂಡು, ಒಂದು ನಾಕಾಣೆ, ಮತ್ತೆ ಮನೆಗಳ ಸಂದೀಲಿ ಹಳದಿ ಪುಡಿ. ಏನೋ ಕೆಮಿಕಲ್ ಅಂದ್ಕೊಂಡಿದ್ದೆ, ನಮ್ಮ ಮೇಷ್ಟ್ರು ನೋಡಿ "ಅರದಾಳ ಕಣಪ್ಪ ಅದು, ಮುಖಕ್ಕೆ ಬಳ್ಕೊಂಡು ಬಂದು ಇದರ ಮೇಲೆ ಒರಗ್ತಿದ್ರಲ್ಲ" ಅಂದ್ರು. ಅರದಾಳ ಅಂದ್ರೆ ಆರ್ಸೆನಿಕ್ ಇರೋ ಬಣ್ಣ, ಉಫ್ ಅಂತ ಊದೋಕೆ ಹೋಗ್ಬೇಡಿ. ಮಾಸ್ಕ್ ಹಾಕ್ಕೊಂಡು ಒದ್ದೆ ಬಟ್ಟೇಲಿ ಒರೆಸಿ, ಬಟ್ಟೆ ಬಿಸಾಕಿ.

ಹಂತ 3: ಮಾಡ್ಬಾರ್ದಾಗಿದ್ದ ಕೆಲಸ

ಇಲ್ಲಿ ನಾನು ಮಾಡಿದ್ದು ಏನಂದ್ರೆ, ತಿದಿಗಳಿಗೆ ಸೋರೋ ಕಡೆ ಸೈಕಲ್ ಪಂಕ್ಚರ್ ತೇಪೆ ಹಾಕಿ, ಸದ್ಯಕ್ಕೆ ಗಾಳಿ ನಿಂತ್ರೆ ಸಾಕು ಅಂತ ಸೀದಾ ರೀಡಿಗೆ ಕೈ ಹಾಕ್ದೆ. ಫೋನಲ್ಲಿ ಟ್ಯೂನರ್ ಆಪ್ ಇದೆ, ಸ್ವರ ಹೆಚ್ಚುಕಮ್ಮಿ ತೋರ್ಸುತ್ತೆ, ಕೆರೆದ್ರೆ ಆಯ್ತು ಅಂತ. ಒಂದು ಸಾಲು ಪೂರ್ತಿ ಮುಗಿಸ್ದೆ. ಎಲ್ಲಾ ಸೊಗಸಾಗಿ ಕೂತ್ವು.

ಆಮೇಲೆ ತಿದಿ ಸರಿ ಮಾಡಿ ಜೋಡಿಸಿದಾಗ ಎಲ್ಲಾ ಸ್ವರ ಅಲ್ಲಾಡೋಗಿತ್ತು. ಗಾಳಿ ಒತ್ತಡ ಬದಲಾದ್ರೆ ರೀಡಿನ ಸ್ವರಾನೂ ಬದಲಾಗುತ್ತೆ, ದಪ್ಪ ಸ್ವರದ ಉದ್ದ ರೀಡುಗಳಲ್ಲಿ ಜಾಸ್ತಿ, ಸಣ್ಣ ರೀಡಲ್ಲಿ ಕಮ್ಮಿ, ಹಾಗಾಗಿ ಎಲ್ಲಾ ಒಂದೇ ಸಮ ಇಳಿದಿದ್ರೆ ಪರವಾಗಿಲ್ಲ ಅನ್ಬೋದಿತ್ತು, ಒಂದೊಂದು ಒಂದೊಂದು ಕಡೆ ಹೋಗಿತ್ತು. ಕೆಲವು 10 ಸೆಂಟ್ಸ್ ತನಕ ತಪ್ಪಿತ್ತು (ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್ಸ್). ಮೇಷ್ಟ್ರು ಬಂದು ಒಂದು ಸಲ ಸ ಪ ಹಿಡಿದು ನೋಡಿ "ನೀನು ಶ್ರುತಿ ಮಾಡಿದೀಯೋ, ಇದ್ದಿದ್ದನ್ನ ಕೆಡಿಸಿದೀಯೋ?" ಅಂದ್ರು. ಕೆರೆದ ಹಿತ್ತಾಳೆ ವಾಪಸ್ ಬರಲ್ಲ. ಹೆಚ್ಚಾಗಿದ್ದನ್ನ ಇಳಿಸೋಕೆ ಇನ್ನೊಂದು ತುದೀಲಿ ಕೆರೀಬೇಕು, ನಾಲಿಗೆ ಇನ್ನೂ ತೆಳ್ಳಗಾಗುತ್ತೆ.

ಈ ಸರಣೀಲೇ ಒಂದು ರೀಡ್ ಮುರಿದಿದ್ದು. ಒರಟು ಸ್ಯಾಂಡ್ ಪೇಪರ್ ಮಡಚಿ ಬುಡದಲ್ಲಿ ಉಜ್ಜಿದೆ, ಗೀರು ಅಡ್ಡಡ್ಡ ಬಿತ್ತು, ಅದೇ ಗೀರಲ್ಲಿ ಬಿರುಕು ಬಿಟ್ಟು ಬಾರಿಸ್ತಿದ್ದ ಹಾಗೇ ಟಿಂಗ್ ಅಂತ ಹೋಯ್ತು. ಕೆರೆಯೋದಿದ್ರೆ ನಾಲಿಗೆ ಉದ್ದಕ್ಕೆ, ಅಡ್ಡ ಯಾವತ್ತೂ ಬೇಡ.

ಹಂತ 4: ತಿದಿ (ಇದೇ ಮುಖ್ಯ ಕೆಲಸ)

ಅಳತೆ: ದೊಡ್ಡ ತಿದಿ ಹಲಗೆ 52 ಸೆಂ.ಮೀ. ಉದ್ದ 26 ಅಗಲ, ಪೂರ್ತಿ ತುಂಬಿದಾಗ 11 ಎತ್ತರ. ಸಣ್ಣ ತಿದಿ 24ಕ್ಕೆ 22, ಬಾಯಿ 9 ಸೆಂ.ಮೀ. ತೆರೆಯುತ್ತೆ.

ಮೊದಲ ಪ್ರಯತ್ನ ರೆಕ್ಸಿನ್. ಆಟೋ ಸೀಟ್ ಹೊಲಿಯೋ ಅಂಗಡೀಲಿ 350 ರೂಪಾಯಿಗೆ ಸಿಕ್ತು, ಗಾಳಿ ಆಡಲ್ಲ, ನೀರು ಹಿಡಿಯಲ್ಲ, ಇನ್ನೇನು ಬೇಕು ಅಂದ್ಕೊಂಡೆ. ಫೆವಿಕಾಲ್ ಹಚ್ಚಿ ಅಂಟಿಸ್ದೆ. ನೋಡೋಕೆ ಫಸ್ಟ್ ಕ್ಲಾಸಾಗಿತ್ತು. ಆದ್ರೆ ರೆಕ್ಸಿನ್ ದಪ್ಪ ಹತ್ತಿರ ಹತ್ತಿರ ಒಂದು ಮಿ.ಮೀ., ಮಡಿಕೆಯಲ್ಲಿ ಅದು ಬಗ್ಗೋದೇ ಇಲ್ಲ, ತಿದಿ ಪೂರ್ತಿ ಮುಚ್ಚದೆ ಮೂರ್ನಾಕು ಸೆಂ.ಮೀ. ತೆರೆದೇ ನಿಲ್ತಿತ್ತು, ಸ್ಪ್ರಿಂಗಿನ ಶಕ್ತಿ ಎಲ್ಲಾ ರೆಕ್ಸಿನ್ ಬಗ್ಗಿಸೋಕೇ ಖರ್ಚು. ಪೆಡಲ್ ತುಳಿದು ಮೀನಖಂಡ ನೋವು ಬಂತು. ಜೊತೆಗೆ ರೆಕ್ಸಿನ್ನಿನ ನುಣುಪು ಕಡೆ ಫೆವಿಕಾಲ್ ಹಿಡಿಯಲ್ಲ, ಮೂಲೆಗಳು ಸಿಪ್ಪೆ ಸುಲಿದು ಬಂದ್ವು. ಮರಕ್ಕೆ ಅಂಟಿದ ಕಡೆ ಮಾತ್ರ ಹಾಳಾದ್ದು ಕಲ್ಲಿನ ಹಾಗೆ ಹಿಡ್ದಿತ್ತು, ಉಳಿ ತಗೊಂಡು ಹೆರೆದು ತೆಗೆಯೋದ್ರಲ್ಲಿ ಮರದ ಚೂರೂ ಕಿತ್ಬಂತು.

ಅದಕ್ಕೇ ಹಳಬರು ಮರವಜ್ರ ಹಾಕ್ತಿದ್ದಿದ್ದು. ಪ್ರಾಣಿ ಚಕ್ಕಳ, ಮೂಳೆಯಿಂದ ತೆಗೆದ ಅಂಟು, ಬಿಸಿ ನೀರು ತಾಗಿದ್ರೆ ಬಿಟ್ಕೊಳ್ಳುತ್ತೆ. ಮುಂದೆ ಬಿಚ್ಚೋನಿಗೆ ಕಷ್ಟ ಇರಲ್ಲ. ಪೆಟ್ಟಿಗೇಲಿ ಉಳಿದಿದ್ದ ಹಳೇ ತೊಗಲನ್ನ ನಾನು ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಐದು ನಿಮಿಷ ಮೇಲಿಟ್ಟು, ಮೊಂಡು ಚಾಕೂಲಿ ಎತ್ತಿದೆ, ಪಟ್ಟಿ ಪಟ್ಟಿಯಾಗಿ ಬಂತು. ಬರೋವಾಗ ಬರೋ ವಾಸನೆ ಬಗ್ಗೆ ಏನೂ ಹೇಳಲ್ಲ.

ಎರಡನೇ ಸಲಕ್ಕೆ ಕುರಿ ತೊಗಲು. ಚಪ್ಪಲಿ, ಬ್ಯಾಗು ಮಾಡೋರಿಗೆ ತೊಗಲು ಮಾರೋ ಅಂಗಡೀಲಿ ಒಳಪದರಕ್ಕೆ ಹಾಕೋ ತೆಳ್ಳಂದು ಕೊಡಿ ಅಂತ ಕೇಳಿ. ಎರಡು ತೊಗಲು ಸೇರಿ 10 ಚದರಡಿ, 750 ರೂಪಾಯಿ. ದಪ್ಪ 0.6 ಮಿ.ಮೀ. ಇರ್ಲಿ. ತಗೊಳ್ಳೋಕೆ ಮುಂಚೆ ಬಾಯಿಗಿಟ್ಟು ಊದಿ ನೋಡಿ, ಕೆಲವು ಜಾಗದಲ್ಲಿ ಗಾಳಿ ಆಡುತ್ತೆ. ಅಂಗಡಿಯವ್ರು ವಿಚಿತ್ರವಾಗಿ ನೋಡ್ತಾರೆ, ನೋಡ್ಲಿ.

ಮಡಿಕೆ ರಟ್ಟು ಪುಸ್ತಕ ಬೈಂಡಿಂಗ್ ಮಾಡೋರ ಹತ್ರ ಸಿಕ್ತು, 2 ಮಿ.ಮೀ. ದಪ್ಪ, ಉಳಿದ ಚೂರುಗಳನ್ನ ಸುಮ್ನೆ ಕೊಟ್ರು. ಕೀಲಿನ ಜಾಗದಲ್ಲಿ ಎರಡು ರಟ್ಟಿನ ಮಧ್ಯೆ 3 ಮಿ.ಮೀ. ಸಂದು ಬಿಡ್ಬೇಕು, ಇಲ್ಲಾಂದ್ರೆ ಮಡಚಲ್ಲ. ಒಳಗಡೆ ಕಾಟನ್ ಪಟ್ಟಿ, ಹೊರಗಡೆ ತೊಗಲು. ತೊಗಲಿನ ಅಂಚನ್ನ ಬ್ಲೇಡಲ್ಲಿ ಓರೆಯಾಗಿ ಸವರಿ ತೆಳ್ಳಗೆ ಮಾಡಿದ್ರೆ ಏಳಲ್ಲ.

ಅಂಟಿನ ವಿಷ್ಯ: ಮರವಜ್ರದ ಕಾಳನ್ನ ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಬೆಳಿಗ್ಗೆ ಆ ಪಾತ್ರೆನ ಬಿಸಿನೀರಿನ ಪಾತ್ರೇಲಿಟ್ಟು ಕರಗಿಸಿ. 60 ಡಿಗ್ರಿ ಸಾಕು, ಕುದಿಸಿದ್ರೆ ಶಕ್ತಿ ಹೋಗುತ್ತೆ. ಒಂದು ಪಾತ್ರೆ ನಾನು ಫೋನಲ್ಲಿ ಮಾತಾಡ್ತಾ ಕುದಿಸಿ ಹಾಳ್ಮಾಡ್ದೆ. ಹಚ್ಚಿದ ಮೇಲೆ ಅರ್ಧ ನಿಮಿಷದಲ್ಲಿ ಗಟ್ಟಿ ಆಗೋಕೆ ಶುರು, ಹಾಗಾಗಿ ಒಂದು ಸಲಕ್ಕೆ ಒಂದು ಗೇಣು ಮಾತ್ರ ಹಚ್ಚಿ, ತೊಗಲು ಕೂರಿಸಿ, ಒದ್ದೆ ಬಟ್ಟೇಲಿ ಒತ್ತಿ ಮುಂದಕ್ಕೆ ಹೋಗಿ. ಫ್ಯಾನ್ ಆಫ್ ಮಾಡ್ಕೊಳ್ಳಿ. ಮೂಲೆಗಳೇ ಕಷ್ಟ, ಅಲ್ಲಿ ತ್ರಿಕೋನ ಆಕಾರದ ತುಂಡು ಬೇಕು, ತಿದಿ ತೆರೆದಾಗ ಬಿಗಿಯಾಗ್ಬಾರ್ದು, ಮುಚ್ಚಿದಾಗ ಒಳಕ್ಕೆ ಮಡಚ್ಕೋಬೇಕು. ನಾನು ಮೊದ್ಲು ನ್ಯೂಸ್ ಪೇಪರಲ್ಲಿ ಕತ್ತರಿಸಿ ನೋಡ್ಕೊಂಡು ಆಮೇಲೆ ತೊಗಲು ಮುಟ್ಟಿದೆ, ಆದ್ರೂ ಒಂದು ಮೂಲೆ ಗಿಡ್ಡ ಆಗಿ ತಿದಿ ಓರೆ ಏಳ್ತಿತ್ತು, ಬಿಸಿಬಟ್ಟೆ ಇಟ್ಟು ತೆಗೆದು ಇನ್ನೊಂದು ಹಾಕ್ದೆ. ಫೆವಿಕಾಲ್ ಆಗಿದ್ರೆ ಆ ಮೂಲೆ ಹಾಗೇ ಬಿಡ್ಬೇಕಿತ್ತು.

ಒಳಗೆ ಗಾಳಿ ಒಂದೇ ಕಡೆ ಹೋಗೋ ಹಾಗೆ ತೊಗಲಿನ ಪಟ್ಟಿ ಬಾಗಿಲುಗಳಿರುತ್ತೆ, ಸಣ್ಣ ತಿದಿಗೆ ಎರಡೆರಡು. ಅವು ಸುಕ್ಕಾಗಿದ್ರೆ ಉಳಿದಿದ್ದು ಎಷ್ಟು ಚೆನ್ನಾಗಿದ್ರೂ ಉಪಯೋಗ ಇಲ್ಲ. ಹೊಸಾದು ಹಾಕಿ, ಎರಡು ತುದಿಗೆ ಮಾತ್ರ ಮೊಳೆ, ಉದ್ದಕ್ಕೆ ಸಡಿಲ ಬಿಡಿ.

ಹಂತ 5: ಊದುಬತ್ತಿ ಮತ್ತೆ ಲೆವೆಲ್ ಪೈಪು

ತುಂಬ್ಸಿದ ದೊಡ್ಡ ತಿದಿ ಎಷ್ಟು ಹೊತ್ತಿಗೆ ಕೂರುತ್ತೆ ಅನ್ನೋದೇ ಪರೀಕ್ಷೆ. ತಂದಾಗ 3 ಸೆಕೆಂಡು. ಹೊಸ ತೊಗಲು ಹಾಕಿದ ಮೇಲೆ 12. ಇಷ್ಟೆಲ್ಲಾ ಕಷ್ಟಪಟ್ಟು 12 ಅಂದ್ರೆ ತಲೆ ಕೆಟ್ಟೋಯ್ತು.

ಊದುಬತ್ತಿ ಹಚ್ಚಿ ಪೆಟ್ಟಿಗೆ ಸುತ್ತ ನಿಧಾನಕ್ಕೆ ಓಡಿಸ್ದೆ, ಕಿಟಕಿ ಬಾಗಿಲು ಮುಚ್ಚಿ. ಹೊಗೆ ನೆಟ್ಟಗೆ ಏಳ್ತಿದ್ರೆ ಸರಿ, ಪಕ್ಕಕ್ಕೆ ಹಾರಿದ್ರೆ ಅಲ್ಲಿ ಸೋರ್ತಿದೆ. ತಿದಿಗಳ ಹತ್ರ ಏನೂ ಇಲ್ಲ. ರೀಡ್ ಪಟ್ಟಿ ಪೆಟ್ಟಿಗೆ ಮೇಲೆ ಕೂರೋ ಅಂಚಲ್ಲಿ ಮಾತ್ರ ಒಂದು ಗೇಣುದ್ದ ಹೊಗೆ ಚದುರಿ ಹೋಗ್ತಿತ್ತು. ಅಲ್ಲಿ ಸುತ್ತಲೂ ತೊಗಲಿನ ಪಟ್ಟಿ ಇರುತ್ತೆ, ಅದು ಒಣಗಿ ಚಪ್ಪಟೆಯಾಗಿತ್ತು. ಉಳಿದಿದ್ದ ತೊಗಲಲ್ಲೇ 12 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಮೆತ್ತನೆ ಕಡೆ ಮೇಲೆ ಬರೋ ಹಾಗೆ ಅಂಟಿಸ್ದೆ. ಸ್ಕ್ರೂಗಳನ್ನ ಒಂದೇ ಸಲ ಬಿಗಿ ಮಾಡ್ಬೇಡಿ, ಕಾರ್ ಚಕ್ರದ ನಟ್ ಥರ ಎದುರುಬದುರು ಸ್ವಲ್ಪ ಸ್ವಲ್ಪ. 12 ಹೋಗಿ 25 ಆಯ್ತು. ಮನೆಗಳ ಮುಚ್ಚಳ ಸರಿ ಮಾಡಿದ್ಮೇಲೆ (ಮುಂದಿನ ಹಂತ) 40 ದಾಟ್ತು, ಅಲ್ಲಿಗೆ ನಿಲ್ಲಿಸ್ದೆ.

ಒತ್ತಡ ಅಳೆಯೋಕೆ ಗಾರೆ ಕೆಲಸದೋರ ಲೆವೆಲ್ ಪೈಪು, 90 ರೂಪಾಯಿ. ಒಂದು ರೀಡ್ ತೆಗೆದು ಆ ತೂತಿಗೆ ಪೈಪಿನ ತುದಿ ಚುಚ್ಚಿ ಸುತ್ತ ಮೇಣ ಮೆತ್ತಿದೆ, ಪೈಪನ್ನ ಇಂಗ್ಲಿಷ್ ಯು ಆಕಾರದಲ್ಲಿ ಹಲಗೆಗೆ ಕಟ್ಟಿ ನೀರು ಹಾಕಿ ಪಕ್ಕದಲ್ಲಿ ಸ್ಕೇಲ್ ಇಟ್ಟೆ. ಈಗ ಎರಡು ಕಡೆ ನೀರಿನ ಮಟ್ಟದ ವ್ಯತ್ಯಾಸ 8 ಸೆಂ.ಮೀ., ಮೂರ್ನಾಕು ಮನೆ ಒಟ್ಟಿಗೆ ಹಿಡಿದ್ರೂ ಹೆಚ್ಚು ಇಳಿಯಲ್ಲ. ಪಂಕ್ಚರ್ ತೇಪೆ ಕಾಲದಲ್ಲಿ ಅಳೆದಾಗ ಬಂದಿದ್ದು 4, ಅದೂ ಪೆಡಲ್ ತುಳಿತುಳಿದ ಹಾಗೆ ಕುಣೀತಿತ್ತು. ಆ 4ರಲ್ಲಿ ಕೂತು ಶ್ರುತಿ ಮಾಡಿದ್ದೆ ನಾನು.

ಹಂತ 6: ಮನೆಗಳು

ಬೇಗ ಹೇಳ್ತೀನಿ. 42 ಮುಚ್ಚಳಕ್ಕೂ ಹೊಸ ಫೆಲ್ಟು, ಅದರ ಮೇಲೆ ತೊಗಲು. ಕೂತಿದೆಯಾ ಅಂತ ನೋಡೋಕೆ ಬಸ್ ಟಿಕೆಟ್ ಸೀಳಿ ಮುಚ್ಚಳದ ಕೆಳಗಿಟ್ಟು ಎಳೀರಿ, ನಾಲ್ಕೂ ಕಡೆ ಒಂದೇ ಬಿಗಿ ಇರ್ಬೇಕು. ತಾನೇ ಕೂಗ್ತಿದ್ದ ಸ್ವರಕ್ಕೆ ಕಾರಣ ಮುಚ್ಚಳದಡಿ ಸಿಕ್ಕಿದ್ದ ಒಂದು ಮರದ ಚಕ್ಕೆ, ಅಷ್ಟೇ. ಬಿಗಿಯಾಗಿದ್ದ ಮನೆಗಳಿಗೆ ಹೊಲಿಗೆ ಮಿಷನ್ ಎಣ್ಣೆ ಬಿಟ್ಟಿದ್ದು ತಪ್ಪು, ಮರ ಎಣ್ಣೆ ಕುಡಿದು ಇನ್ನೂ ಬಿಗಿಯಾಯ್ತು. ಪೆನ್ಸಿಲ್ ಸೀಸದ ಪುಡಿ ಉಜ್ಜಿ, ಅದು ಸರಿ. ಸ್ಪ್ರಿಂಗುಗಳು ಹಳೇವೇ, ಸತ್ತಿದ್ದನ್ನ ಸ್ವಲ್ಪ ಬಗ್ಗಿಸಿ ಜೀವ ತಂದೆ.

ಹಂತ 7: ರೀಡು, ಈ ಸಲ ಸರಿಯಾಗಿ

ನಮ್ಮಮ್ಮ ರೀಡ್ ನೋಡಿ "ಕಿಲುಬು ಹಿಡಿದಿದೆಯಲ್ಲೋ, ಹುಣಸೆಹಣ್ಣಲ್ಲಿ ತಿಕ್ಕಿದ್ರೆ ಫಳಫಳ ಅನ್ನುತ್ತೆ, ಕೊಡಿಲ್ಲಿ" ಅಂದ್ರು. ಕೊಡ್ಲಿಲ್ಲ. ಹುಳಿ ಹಿತ್ತಾಳೆನ ತಿನ್ನುತ್ತೆ, ತೂಕ ಬದಲಾದ್ರೆ ಸ್ವರ ಬದಲು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತೆ ಮೆತ್ತನೆ ಹಲ್ಲುಜ್ಜೋ ಬ್ರಷ್ಷು, ಬುಡದಿಂದ ತುದಿ ಕಡೆಗೆ ಮಾತ್ರ. ಉಸಿರಿಲ್ಲ ಅಂದ್ಕೊಂಡಿದ್ದ ಹತ್ತು ಹನ್ನೆರಡು ಮನೇಲಿ ಬಹುಪಾಲು ಇಷ್ಟಕ್ಕೇ ಬಾಯಿಬಿಟ್ವು, ನಾಲಿಗೆ ಪಕ್ಕದ ಕೂದಲೆಳೆ ಸಂದೀಲಿ ಧೂಳು ಸಿಕ್ಕಿದ್ರೆ ಸಾಕು ರೀಡ್ ಮೂಕ.

ನಾನು ಮುರಿದ ಒಂದು, ಮೊದ್ಲೇ ಮುರಿದಿದ್ದ ಎರಡು, ಒಟ್ಟು ಮೂರು ಹೊಸಾವು ಬೇಕಿತ್ತು. ಗುಜರಾತಿನ ಪಾಲಿತಾಣಾದಲ್ಲಿ ರೀಡ್ ಮಾಡೋ ಕಸುಬು ಇದೆ, ಹಾರ್ಮೋನಿಯಂ ರಿಪೇರಿಯವ್ರೊಬ್ರು ತರಿಸಿಕೊಟ್ರು. ಹಳೇ ರೀಡನ್ನ ಕಾಗದದಡಿ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಸ್ಕ್ರೂ ತೂತಿನ ಅಂತರ ಬರ್ದು ಕೊಟ್ಟಿದ್ದೆ, ಅಳತೆ ಸರಿ ಬಂತು. ದನಿ ಮಾತ್ರ ಹಳೇದಕ್ಕಿಂತ ಚೂಪು, ಕಿವಿ ಇರೋರಿಗೆ ಗೊತ್ತಾಗುತ್ತೆ.

ಶ್ರುತಿ ಮಾಡೋ ಕ್ರಮ ಹಿಂಗೆ: ನಾಲಿಗೆ ಕೆಳಗೆ ತೆಳು ಹಿತ್ತಾಳೆ ತಗಡು ತೂರಿಸಿ, ತುದೀಲಿ ಕೆರೆದ್ರೆ ಸ್ವರ ಏರುತ್ತೆ, ಬುಡದಲ್ಲಿ ಕೆರೆದ್ರೆ ಇಳಿಯುತ್ತೆ. ಚೂಪು ಬ್ಲೇಡಲ್ಲಿ ಎರಡು ಎಳೆತ, ವಾಪಸ್ ಹಾಕಿ, ಕೈ ಬಿಸಿ ಆರೋ ತನಕ ಕಾದು, ತಿದಿ ತುಂಬಿಸಿ ನೋಡೋದು. ಬೇಜಾರಿನ ಕೆಲಸ, ಅವಸರ ಮಾಡಿದ್ರೆ ರೀಡ್ ಹೋಗುತ್ತೆ.

ಇಲ್ಲೊಂದು ತೀರ್ಮಾನ ಮಾಡ್ಬೇಕಾಯ್ತು. ಪೆಟ್ಟಿಗೆಯ ಶ್ರುತಿ ಈಗಿನದಕ್ಕಿಂತ ಮೇಲಿದೆ, ಸೆಕೆಂಡಿಗೆ 440 ಕಂಪನ ಬರೋ ಜಾಗದಲ್ಲಿ 448ರ ಆಸುಪಾಸು. ಅಂದ್ರೆ ಸುಮಾರು 31 ಸೆಂಟ್ಸ್ ಹೆಚ್ಚು. 440ಕ್ಕೆ ಇಳಿಸ್ಬೇಕಂದ್ರೆ 84 ರೀಡಿನ ಬುಡಾನೂ ಕೆರೀಬೇಕು. ಇಂಟರ್ನೆಟ್ಟಲ್ಲಿ ಕೇಳಿದ ಕಡೆ ಎಲ್ಲಾ 440 ಮಾಡಿ ಅಂದ್ರು. ನಾನು ಮಾಡ್ಲಿಲ್ಲ. ಜೊತೇಲಿ ಬಾರಿಸೋ ಕೀಬೋರ್ಡಲ್ಲಿ ಟ್ಯೂನ್ ಏರಿಸೋ ಆಪ್ಷನ್ ಇರುತ್ತೆ, ತಬಲಾ ಸುತ್ತಿಗೇಲಿ ಏರುತ್ತೆ, ಕೆರೆಯೋಕೆ ರೀಡೇ ಯಾಕೆ ಆಗ್ಬೇಕು? 448ನ್ನೇ ಆಧಾರ ಮಾಡ್ಕೊಂಡು ಅಕ್ಕಪಕ್ಕದ ಏರುಪೇರು ಮಾತ್ರ ಸರಿ ಮಾಡ್ದೆ. ಬಹಳ ರೀಡಿಗೆ ಬ್ಲೇಡ್ ತಾಗಿಸ್ಲೇ ಇಲ್ಲ.

ಇನ್ನೊಂದು, ಒಂದೇ ಶ್ರುತಿಗೆ ಶುದ್ಧವಾಗಿ ಕೂರಿಸ್ಬೇಕಾ ಅಥ್ವಾ ಪಿಯಾನೋ ಥರ ಎಲ್ಲಾ ಮನೇನೂ ಸಮವಾಗಿ ಹಂಚ್ಬೇಕಾ ಅನ್ನೋ ಪ್ರಶ್ನೆ. ಹಾರ್ಮೋನಿಯಂನಲ್ಲಿ ಗಮಕ ಬರಲ್ಲ, ಸ್ವರ ಶುದ್ಧ ಇಲ್ಲ ಅನ್ನೋ ತಕರಾರಿಗೇ 1940ರಲ್ಲಿ ಆಲ್ ಇಂಡಿಯಾ ರೇಡಿಯೋದವ್ರು ಅದನ್ನ ಹೊರಗಿಟ್ಟಿದ್ದು, 1971ರ ತನಕ ಬಾಗಿಲು ತೆಗೀಲಿಲ್ಲ. ನಾಟಕದೋರು ಅದಕ್ಕೆ ತಲೆ ಕೆಡಿಸ್ಕೊಂಡೋರಲ್ಲ. ನಮ್ಮ ಮೇಷ್ಟ್ರು ಹೇಳಿದ್ದು: "ಕೃಷ್ಣನ ಪಾರ್ಟಿನೋನು ನಾಲ್ಕೂವರೆ ಮನೇಲಿ ಎತ್ಕೋತಾನೆ, ದ್ರೌಪದಿ ಬಂದ್ರೆ ಐದೂವರೆ, ಭೀಮನಿಗೆ ಶ್ರುತಿನೇ ಇರಲ್ಲ, ಅವ್ನು ಎಲ್ಲಿ ಕೂಗ್ತಾನೋ ಅಲ್ಲಿಗೆ ನಾನು ಹೋಗ್ಬೇಕು." ಎಲ್ಲಾ ಮನೇಲೂ ಓಡಾಡ್ಬೇಕಂದ್ರೆ ಸಮವಾಗಿ ಹಂಚೋದೇ ಸರಿ. ಹಾಗೇ ಮಾಡ್ದೆ.

ಹಂತ 8: ಮರ, ಪೆಡಲ್

ಗೆದ್ದಲು ತಿಂದ ಮೂಲೆ ಕುಯ್ದು ಬಿಸಾಕಿ, ಬಡಗಿ ಹತ್ರ ಹಳೇ ಕಿಟಕಿ ಚೌಕಟ್ಟಿನ ತೇಗ ಜೋಡಿಸಿದ್ದು, ಮರ ಕೂಲಿ ಸೇರಿ 900. ಪೆಡಲ್ ಪಟ್ಟಿಗೆ ಮಂಚದ ನಿವಾರು 60. ಪಾಲಿಷ್ ಹಳೇದನ್ನ ಕೆರೀಲಿಲ್ಲ, ತೊಳೆದು ಮೇಲೆ ತೆಳ್ಳಗೆ ಫ್ರೆಂಚ್ ಪಾಲಿಷ್. ಮನೆಗಳ ಮೇಲೆ ಬೆರಳು ಓಡಾಡಿ ಬಿದ್ದಿರೋ ಗುಳಿ ಹಾಗೇ ಬಿಟ್ಟಿದೀನಿ, ಮಧ್ಯದ ಹತ್ತು ಮನೆ ಅಂತೂ ಚಮಚದ ಒಳಗಿನ ಹಾಗೆ ಸವ್ದಿದೆ.

ಖರ್ಚು

ಕಾಣಿಕೆ 2,000, ಗಾಡಿ 800, ತೊಗಲು 750, ದಂಡವಾದ ರೆಕ್ಸಿನ್ 350, ಮರವಜ್ರ 180, ಫೆಲ್ಟು 220, ಆಲ್ಕೋಹಾಲ್ 260, ಮೂರು ರೀಡು ಕೊರಿಯರ್ ಸೇರಿ 450, ಮರ ಮತ್ತೆ ಬಡಗಿ 900, ಪಾಲಿಷ್ ಸಾಮಾನು 400, ನಿವಾರು 60, ಪೈಪು 90, ಸ್ಕ್ರೂ 140. ಒಟ್ಟು 6,600. ಫೆವಿಕಾಲು, ಬ್ಲೇಡು ಮನೇಲಿದ್ದಿದ್ದು, ರಟ್ಟು ಸುಮ್ನೆ ಸಿಕ್ಕಿದ್ದು, ಲೆಕ್ಕಕ್ಕೆ ಹಾಕಿಲ್ಲ. ನಮ್ಮ ಕೂಲಿ ಹಾಕಿದ್ರೆ ಹೊಸ ಹಾರ್ಮೋನಿಯಂ ಬರುತ್ತೆ, ಅದು ಬೇರೆ ಮಾತು.

ಇನ್ನೂ ಆಗಿಲ್ಲದ್ದು

ದಪ್ಪ ಸಾಲಿನ ಮೊದಲ ಸ ಇನ್ನೂ ಸರಿ ಇಲ್ಲ. ಮನೆ ಒತ್ತಿ ಅರ್ಧ ಸೆಕೆಂಡ್ ಆದ್ಮೇಲೆ ದನಿ ಬರುತ್ತೆ, ನಿಧಾನದ ಹಾಡಿಗೆ ಪರವಾಗಿಲ್ಲ, ಯುದ್ಧದ ಸೀನಲ್ಲಿ ಹಿಂದೆ ಬೀಳುತ್ತೆ. ನಾಲಿಗೆ ತುದಿನ ಸ್ವಲ್ಪ ಎತ್ತಿ ನೋಡ್ದೆ, ಇನ್ನೂ ತಡ ಆಯ್ತು. ಇಳಿಸಿ ನೋಡ್ದೆ, ಜೋರಾಗಿ ತುಳಿದಾಗ ಉಸಿರು ಕಟ್ಟುತ್ತೆ. ಪಕ್ಕದ ಮನೆಯ ಗೂಡಿಗೂ ಇದರ ಗೂಡಿಗೂ ನಡುವಿನ ತೆಳು ಗೋಡೆ ಬಿರುಕು ಬಿಟ್ಟಿರ್ಬೋದು ಅಂತ ಅನುಮಾನ, ರೀಡ್ ಪಟ್ಟಿ ಮತ್ತೆ ಎತ್ತಿ ಮೇಣ ಹಾಕಿ ನೋಡ್ಬೇಕು. ಅದಲ್ದೆ ಬೇರೆ ಕಾರಣ ಯಾರಿಗಾದ್ರೂ ಹೊಳೆದ್ರೆ ಹೇಳಿ, ಯುಗಾದಿ ಆದ್ಮೇಲೆ ತಾಲೀಮು ಶುರು ಅಂತೆ, ಅಷ್ಟರೊಳಗೆ ಮೇಷ್ಟ್ರಿಗೆ ಕೊಡ್ಬೇಕು.